ಮುಂದಿನ ಹಾಯಿಗೆ ಫರ್ಲರ್: ಕಾರಂಜಾ ಜಲಾಶಯದ ಹದಿನಾರು ಅಡಿ ದೋಣಿಯ ಒಂದು ಪ್ರಕರಣ

ಬೀದರ್‌ನಲ್ಲಿ ಹಾಯಿದೋಣಿ ಇದೆ ಎಂದರೆ ಕೇಳಿದವರು ಮೊದಲು ನಗುತ್ತಾರೆ. ಆಮೇಲೆ "ಅದನ್ನ ಎಲ್ಲಿ ಓಡಿಸ್ತೀರಿ?" ಎನ್ನುತ್ತಾರೆ. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಬಳಿ ಕಾರಂಜಾ ಜಲಾಶಯ ಇದೆಯಲ್ಲ, ಅಲ್ಲಿ. ಮಾಂಜ್ರಾ ಸೇರುವ ಕಾರಂಜಾ ನದಿಗೆ ಕಟ್ಟಿದ ಅಣೆಕಟ್ಟು. ತುಂಬಿದಾಗ ಸುಮಾರು 7.69 ಟಿಎಂಸಿ ನೀರು. ಸುತ್ತ ದೊಡ್ಡ ಗುಡ್ಡ ಇಲ್ಲ, ಎತ್ತರದ ಕಟ್ಟಡ ಇಲ್ಲ. ಮುಂಗಾರಿನ ಪಶ್ಚಿಮದ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಹಾಯಿ ಬಿಡುವವನಿಗೆ ಇದಕ್ಕಿಂತ ಇನ್ನೇನು ಬೇಕು?

ದೋಣಿ ನಮ್ಮ ಕಾಕಾ ಅವರದು. ವಾಯುಪಡೆಯಲ್ಲಿ ಏರ್‌ಫ್ರೇಮ್ ಫಿಟ್ಟರ್ ಆಗಿದ್ದವರು, ಕೊನೆಯ ಪೋಸ್ಟಿಂಗ್ ಬೀದರ್ ಸ್ಟೇಷನ್. ನಿವೃತ್ತಿ ಆದಮೇಲೂ ಕೈ ಸುಮ್ನೆ ಕೂರಲಿಲ್ಲ. ಮರೀನ್ ಪ್ಲೈವುಡ್‌ನ ಹದಿನಾರು ಅಡಿ ದೋಣಿಯೊಂದನ್ನು ಹಳೆಯದು ತಂದು ರಿಪೇರಿ ಮಾಡಿದರು. ಅಲ್ಯೂಮಿನಿಯಂ ಕಂಬ, ಒಂದು ದೊಡ್ಡ ಹಾಯಿ, ಮುಂದೆ ಒಂದು ಸಣ್ಣ ಹಾಯಿ, ಅದಕ್ಕೆ ಜಿಬ್ ಎನ್ನುತ್ತಾರೆ. ಜಿಬ್ ಕಂಬದ ತುದಿಯವರೆಗೆ ಹೋಗುವುದಿಲ್ಲ, ಮುಕ್ಕಾಲು ಎತ್ತರಕ್ಕೆ ನಿಲ್ಲುತ್ತದೆ. ದೋಣಿ ಮನೆಯ ಹಿಂದಿನ ಶೆಡ್‌ನಲ್ಲಿ ಇರುತ್ತದೆ. ಪ್ರತಿ ಸಲ ಕಂಬ ಮಲಗಿಸಿ ಟ್ರೇಲರ್ ಮೇಲೆ ಕಾರಂಜಾಕ್ಕೆ ಒಯ್ಯಬೇಕು, ದಡದಲ್ಲಿ ಕಂಬ ಎತ್ತಬೇಕು. ಈ ಒಂದು ವಿಷಯ ನೆನಪಿರಲಿ. ಮುಂದೆ ಫರ್ಲರ್, ಅಂದರೆ ಹಗ್ಗ ಎಳೆದರೆ ಜಿಬ್ ಸುತ್ತುವ ಸಾಧನ, ಆರಿಸುವಾಗ ಎಲ್ಲಕ್ಕಿಂತ ಜಾಸ್ತಿ ತೂಗಿದ್ದು ಇದೇ.

(ಜಲಾಶಯಕ್ಕೆ ದೋಣಿ ಇಳಿಸಲು ಅನುಮತಿ ಬೇಕು, ಅದರ ಕಥೆ ಬೇರೆಯೇ ಇದೆ. ಇನ್ನೊಂದು ಮಾತು: ದಡದ ಪಂಪ್‌ಸೆಟ್‌ಗಳಿಗೆ ಹೋಗುವ ಕರೆಂಟ್ ಲೈನ್ ಎಲ್ಲಿದೆ ಅಂತ ತಲೆ ಎತ್ತಿ ನೋಡದೆ ಅಲ್ಯೂಮಿನಿಯಂ ಕಂಬ ಎತ್ತಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.)

ತೊಂದರೆ ಏನಿತ್ತು?

ಜಿಬ್ ಇಳಿಸುವುದೇ ತೊಂದರೆ. ಕಂಬದಿಂದ ದೋಣಿಯ ಮೂತಿಗೆ ಬಿಗಿದ ತಂತಿ ಫೋರ್‌ಸ್ಟೇ. ಜಿಬ್‌ನ ಮುಂದಿನ ಅಂಚನ್ನು ಆ ತಂತಿಗೆ ಕೊಕ್ಕೆಗಳಿಂದ ಸಿಕ್ಕಿಸಿದ್ದರು. ಇಳಿಸಬೇಕೆಂದರೆ ಯಾರಾದರೂ ಮುಂದಿನ ಡೆಕ್‌ಗೆ ತೆವಳಿಕೊಂಡು ಹೋಗಿ ಹಾಯಿಯನ್ನು ಕೈಯಿಂದ ಎಳೆಯಬೇಕು. ದೊಡ್ಡ ದೋಣಿಯಲ್ಲಿ ಇದು ಏನೂ ಅಲ್ಲ. ಹದಿನಾರು ಅಡಿಯ ದೋಣಿಯಲ್ಲಿ 60 ಕೆಜಿಯ ಮನುಷ್ಯ ಮೂತಿಗೆ ಹೋದರೆ ಮೂತಿ ಮುಳುಗುತ್ತದೆ, ಹಿಂಭಾಗ ಎದ್ದು ಚುಕ್ಕಾಣಿಗೆ ನೀರಿನ ಹಿಡಿತ ತಪ್ಪುತ್ತದೆ. ಅದೂ ಗಾಳಿ ಜೋರಾದಾಗಲೇ. ಇಳಿಸಬೇಕು ಅನ್ನಿಸುವುದೇ ಆಗ ತಾನೆ?

ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗಿನ ಮೋಡ ಕಟ್ಟಿದರೆ ಈ ಭಾಗದಲ್ಲಿ ಗಾಳಿ ಹೇಳದೆ ಕೇಳದೆ ತಿರುಗುತ್ತದೆ. ಹಾಗಾಗಿ ಕಾಕಾ ಎರಡು ಬೇಡಿಕೆ ಮುಂದಿಟ್ಟರು. ಒಂದು, ಕೂತ ಜಾಗದಿಂದ ಒಂದು ಹಗ್ಗ ಎಳೆದರೆ ಜಿಬ್ ಸುತ್ತಿಕೊಳ್ಳಬೇಕು. ಎರಡು, ಗಾಳಿ ಜಾಸ್ತಿ ಆದರೆ ಅರ್ಧ ಸುತ್ತಿ ಅರ್ಧ ಬಿಟ್ಟು ಓಡಿಸಲು ಬರಬೇಕು.

ನಾನು ಅಳತೆ, ಲೆಕ್ಕದ ಕೆಲಸ ವಹಿಸಿಕೊಂಡೆ. ಮೊದಲು ಕೈಗೆ ಬಂದಿದ್ದು ಕ್ಯಾಟಲಾಗ್‌ಗಳು. ಹೆಚ್ಚಿನವುಗಳಲ್ಲಿ ಮೊದಲ ಕಾಲಂ ದೋಣಿಯ ಉದ್ದದ್ದು. ಇಷ್ಟು ಅಡಿಯಿಂದ ಇಷ್ಟು ಅಡಿಗೆ ಈ ಮಾಡೆಲ್, ಮುಗೀತು. ಕಾಕಾ ಕನ್ನಡಕ ತೆಗೆದು ಹೇಳಿದರು: "ಎತ್ತರ ಕೇಳಿ ಚಪ್ಪಲಿ ಕೊಟ್ಟಂಗ ಅದ ಇದು."

ಅವರು ಹೇಳಿದ್ದು ಸರಿ. ಫರ್ಲರ್‌ಗೆ ದೋಣಿಯ ಉದ್ದ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತಂತಿಯ ದಪ್ಪ, ಪಿನ್ನಿನ ದಪ್ಪ, ಹಾಯಿಯ ಮುಂದಿನ ಅಂಚಿನ ಉದ್ದ, ಎಷ್ಟು ಬಟ್ಟೆ ಸುತ್ತಬೇಕು, ಎಷ್ಟು ಎಳೆತ ತಡೆಯಬೇಕು, ಇಷ್ಟೇ. ಒಂದೇ ಉದ್ದದ ಎರಡು ದೋಣಿಗಳಲ್ಲಿ ಈ ಐದೂ ಬೇರೆ ಬೇರೆ ಇರಬಹುದು. ಉದ್ದದ ಕಾಲಂ ನೋಡಿ ಪಟ್ಟಿಯನ್ನು ಸಣ್ಣದು ಮಾಡಿಕೊಳ್ಳಿ, ಅಷ್ಟೇ. ಆರ್ಡರ್ ಮಾಡಬೇಡಿ.

ಯಾವ ಬಗೆಯ ಫರ್ಲರ್?

ಎಲ್ಲ ಫರ್ಲರ್‌ಗಳಲ್ಲೂ ಮೂಲ ಯೋಚನೆ ಒಂದೇ. ಹಾಯಿಯ ಕೆಳ ಮೂಲೆಯಲ್ಲಿ ಒಂದು ಡ್ರಮ್, ಮೇಲಿನ ಮೂಲೆಯಲ್ಲಿ ತಿರುಗುವ ಒಂದು ಕೀಲು, ಅಂದರೆ ಸ್ವಿವೆಲ್. ಡ್ರಮ್ಮಿಗೆ ಸುತ್ತಿದ ಹಗ್ಗ ಎಳೆದರೆ ಡ್ರಮ್ ತಿರುಗುತ್ತದೆ, ಹಾಯಿ ತನ್ನ ಮುಂದಿನ ಅಂಚಿನ ಸುತ್ತ ಸುರುಳಿ ಆಗುತ್ತದೆ. ಇದೇನು ಹೊಸ ಕಲ್ಪನೆ ಅಲ್ಲ. 20ನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನಲ್ಲಿ ವಿಕಮ್-ಮಾರ್ಟಿನ್ ಹೆಸರಿನ ಗೇರ್ ಇದನ್ನೇ ಮಾಡುತ್ತಿತ್ತು.

ಬೇರೆಯಾಗುವುದು ಹಾಯಿ ಯಾವುದರ ಸುತ್ತ ಸುತ್ತಿಕೊಳ್ಳುತ್ತದೆ ಎಂಬಲ್ಲಿ.

ಒಂದು ಬಗೆಯಲ್ಲಿ ಫೋರ್‌ಸ್ಟೇ ತಂತಿಯ ಮೇಲೆ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್‌ನ ಉದ್ದ ಕೊಳವೆ ತೊಡಿಸುತ್ತಾರೆ. ಅದನ್ನು ಫಾಯಿಲ್ ಎನ್ನುತ್ತಾರೆ. ಫಾಯಿಲ್‌ನ ಉದ್ದದ ಸೀಳಿನಲ್ಲಿ ಹಾಯಿಯ ಅಂಚು ಕೂರುತ್ತದೆ. ಡ್ರಮ್ ತಿರುಗಿದರೆ ಇಡೀ ಫಾಯಿಲ್ ಮೇಲಿನಿಂದ ಕೆಳಗಿನವರೆಗೆ ಒಟ್ಟಿಗೆ ತಿರುಗುತ್ತದೆ. ಹಾಗಾಗಿ ಅರ್ಧ ಸುತ್ತಿ ನಿಲ್ಲಿಸಬಹುದು. ಹಾರ್ಕೆನ್, ಪ್ರೊಫರ್ಲ್, ಸೆಲ್ಡೆನ್‌ನವರ ಫರ್ಲೆಕ್ಸ್, ಇವೆಲ್ಲ ಅಲ್ಯೂಮಿನಿಯಂ ಫಾಯಿಲ್‌ಗೆ ಹೆಸರಾದವು. ಸಿಡಿಐ ಕಂಪನಿಯದು ಬಾಗುವ ಪ್ಲಾಸ್ಟಿಕ್ ಫಾಯಿಲ್, ಸುರುಳಿ ಮಾಡಿಯೇ ಕಳಿಸುತ್ತಾರೆ.

ಇನ್ನೊಂದು ಬಗೆಯಲ್ಲಿ ಫಾಯಿಲ್ ಇಲ್ಲ. ಹಾಯಿಯ ಮುಂದಿನ ಅಂಚಿನೊಳಗೇ ಒಂದು ಉಕ್ಕಿನ ತಂತಿ ಹೊಲಿದಿರುತ್ತದೆ. ಆ ತಂತಿಯ ಕೆಳ ತುದಿ ಡ್ರಮ್ಮಿಗೆ, ಮೇಲಿನ ತುದಿ ಸ್ವಿವೆಲ್‌ಗೆ. ಹಾಯಿ ಮೇಲೇರಿಸುವ ಹಗ್ಗ, ಅಂದರೆ ಹ್ಯಾಲ್ಯಾರ್ಡ್, ಬಿಗಿಯಾಗಿ ಎಳೆದರೆ ಕಂಬವನ್ನು ಮುಂದಕ್ಕೆ ಹಿಡಿಯುವ ಕೆಲಸ ಈ ತಂತಿಯದೇ ಆಗುತ್ತದೆ, ಫೋರ್‌ಸ್ಟೇ ಸಡಿಲಾಗುತ್ತದೆ. ಸಣ್ಣ ರೇಸಿಂಗ್ ದೋಣಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಇದರಲ್ಲಿ ಹಾಯಿ ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ. ನಡುವೆ ನಿಲ್ಲಿಸಿದರೆ ಕೆಳಭಾಗ ಸುತ್ತಿಕೊಂಡೇ ಇರುತ್ತದೆ, ಮೇಲ್ಭಾಗ ಗಾಳಿಗೆ ಬಿಚ್ಚಿಕೊಳ್ಳುತ್ತದೆ, ನಡುವಿನ ತಂತಿ ತಿರುಚಿಕೊಳ್ಳುತ್ತದೆ.

ಕಾಕಾ ಅವರ ಎರಡನೇ ಬೇಡಿಕೆ ನೋಡಿದರೆ ಫಾಯಿಲ್ ಬೇಕು. ನನ್ನ ಒಲವು ತಂತಿಯ ಕಡೆಗಿತ್ತು. ಎರಡು ಸಂಜೆ ಇದರ ಮೇಲೇ ಮಾತು ಓಡಿತು.

ನನ್ನ ವಾದ ಇದು. ಕಂಬ ಪ್ರತಿ ಸಲ ಮಲಗುತ್ತದೆ. ಅಲ್ಯೂಮಿನಿಯಂ ಫಾಯಿಲ್ ಇದ್ದರೆ ಸುಮಾರು ಐದು ಮೀಟರ್‌ನ ಆ ಕೊಳವೆ ಕಂಬದ ಜೊತೆ ಟ್ರೇಲರ್ ಮೇಲೆ ಕುಣಿಯುತ್ತಾ ಬರಬೇಕು. ಭಾಲ್ಕಿ ರಸ್ತೆಯ ಒಂದೇ ಒಂದು ಗುಂಡಿ ಸಾಕು ಅದು ಬಾಗಲು. ಒಮ್ಮೆ ಬಾಗಿದರೆ ಆ ಜಾಗದಲ್ಲಿ ಹಾಯಿ ಸಿಕ್ಕಿಹಾಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಫಾಯಿಲ್‌ಗೆ ಈ ಭಯ ಕಡಿಮೆ, ಆದರೆ ಕಂಬದ ಮೇಲೆ ತೂಕ ಅಂತೂ ಬೀಳುತ್ತದೆ. ಇಷ್ಟು ಸಣ್ಣ ದೋಣಿಯಲ್ಲಿ ಮೇಲೆ ಸೇರಿದ ಪ್ರತಿ ಕೆಜಿಯೂ ವಾಲುವಾಗ ಲೆಕ್ಕಕ್ಕೆ ಬರುತ್ತದೆ.

ಅಲ್ಯೂಮಿನಿಯಂ ಬಗೆಯಲ್ಲಿ ಇನ್ನೊಂದು ತೊಡಕು ಮೇಲ್ತುದಿಯದು. ಅಲ್ಲಿ ಹ್ಯಾಲ್ಯಾರ್ಡ್ ಫೋರ್‌ಸ್ಟೇಗೆ ಒಂದಿಷ್ಟು ಕೋನದಲ್ಲಿ ಕಂಬದ ಕಡೆಗೆ ಹೋಗಬೇಕು, 8ರಿಂದ 10 ಡಿಗ್ರಿ ಇದ್ದರೆ ಕ್ಷೇಮ. ಕೋನ ಕಡಿಮೆ ಆದರೆ ಸ್ವಿವೆಲ್ ತಿರುಗುವಾಗ ಹ್ಯಾಲ್ಯಾರ್ಡ್ ಕೂಡ ಫಾಯಿಲ್‌ಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಎಳೆದಷ್ಟೂ ಬಿಗಿಯಾಗಿ ಕೊನೆಗೆ ಫೋರ್‌ಸ್ಟೇಯ ಎಳೆಗಳೇ ಹರಿಯುತ್ತವೆ. ನಮ್ಮ ಕಂಬದಲ್ಲಿ ಹ್ಯಾಲ್ಯಾರ್ಡ್‌ನ ಗಾಲಿ ಫೋರ್‌ಸ್ಟೇ ಕಟ್ಟಿದ ಜಾಗಕ್ಕೆ ಅಂಟಿದಂತೆ ಇತ್ತು. ಕೋನ ಇಲ್ಲವೇ ಇಲ್ಲ ಎನ್ನಬೇಕು. ಬೇರೆ ಗಾಲಿ ಕೂರಿಸಲು ಕಂಬಕ್ಕೆ ತೂತು ಕೊರೆಯಬೇಕಾಗುತ್ತಿತ್ತು.

ಅರ್ಧ ಸುತ್ತುವ ಆಸೆ? 3.5 ಚದರ ಮೀಟರ್ ಜಿಬ್‌ನಲ್ಲಿ ಅರ್ಧ ಸುತ್ತಿದರೆ ಸಿಗುವುದು ಚಪ್ಪಟೆ ಹಾಯಿ ಅಲ್ಲ, ಹೊಟ್ಟೆ ಉಬ್ಬಿದ ಚೀಲ. ಗಾಳಿ ಜಾಸ್ತಿ ಆದಾಗ ಬೇಕಿರುವುದಕ್ಕೆ ಪೂರ್ತಿ ಉಲ್ಟಾ. ಇಂಥ ದೋಣಿಯಲ್ಲಿ ಮೊದಲು ಸಣ್ಣದು ಮಾಡಬೇಕಾದ್ದು ದೊಡ್ಡ ಹಾಯಿಯನ್ನು. ದೊಡ್ಡ ಹಾಯಿ ಒಂದು ಮಡಿಕೆ ಕಡಿಮೆ, ಜಿಬ್ ಪೂರ್ತಿ, ಹೀಗಿದ್ದರೆ ಚುಕ್ಕಾಣಿ ಹಗುರವಾಗಿರುತ್ತದೆ. ಜಿಬ್ ತೆಗೆದು ದೊಡ್ಡ ಹಾಯಿ ಪೂರ್ತಿ ಬಿಟ್ಟರೆ ದೋಣಿ ಮೂತಿಯನ್ನು ಗಾಳಿಯ ಕಡೆ ತಿರುಗಿಸಲು ಎಳೆಯುತ್ತಲೇ ಇರುತ್ತದೆ, ಚುಕ್ಕಾಣಿ ಹಿಡಿದ ಕೈ ಬಿದ್ದುಹೋಗುತ್ತದೆ.

ಕಾಕಾ ಕೊನೆಗೆ ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ. "ಆಯ್ತಪ್ಪ, ತಂತೀದೇ ಇರ್ಲಿ. ಖರೆ ಅದರ ಲೋಡ್ ಎಷ್ಟು ಅಂತ ಬರದ್ ಕೊಡು" ಎಂದರು.

ಅಳತೆ

ಮೊದಲು ತಂತಿ. ಈಗಿರುವ ಫೋರ್‌ಸ್ಟೇ ಹತ್ತೊಂಬತ್ತು ಎಳೆಯದು: ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು. ಇದನ್ನು ವರ್ನಿಯರ್‌ನಿಂದ ಅಳೆಯುವಾಗ ಎದುರುಬದುರು ಇರುವ ಎರಡು ಎಳೆಗಳ ಉಬ್ಬಿನ ಮೇಲೆ ದವಡೆ ಕೂರಬೇಕು. ಎರಡು ಎಳೆಗಳ ನಡುವಿನ ತಗ್ಗಿಗೆ ಕೂತರೆ ಕಡಿಮೆ ತೋರಿಸುತ್ತದೆ. ಕಾಕಾ ತಂತಿಯನ್ನು ಕೆರೋಸಿನ್ ಬಟ್ಟೆಯಿಂದ ಒರೆಸಿ, ವರ್ನಿಯರನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಅತಿ ಹೆಚ್ಚು ತೋರಿದ ಅಂಕಿಯನ್ನು ಬರೆದುಕೊಂಡರು: 3.02 ಮಿಲಿಮೀಟರ್. ಅಂದರೆ 3 ಮಿ.ಮೀ. ತಂತಿ. ಅಮೆರಿಕದ ಕ್ಯಾಟಲಾಗ್‌ನ 1/8 ಇಂಚು ಅಂದರೆ 3.18 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ತುದಿಗೆ ಒತ್ತಿ ಕೂರಿಸುವ ಟರ್ಮಿನಲ್‌ಗೆ ಒಂದೇ ಅಲ್ಲ. 3.18ರ ಟರ್ಮಿನಲ್‌ಗೆ 3ರ ತಂತಿ ತೂರಿಸಿ ಒತ್ತಿದರೆ ಹಿಡಿತ ಸಾಲದು. ವಿಮಾನದ ಕಂಟ್ರೋಲ್ ಕೇಬಲ್‌ಗಳ ಜೊತೆ ಜೀವನ ಕಳೆದ ಮನುಷ್ಯನಿಗೆ ಇದನ್ನು ಹೇಳಿಕೊಡಬೇಕಿರಲಿಲ್ಲ.

ಲೋಡ್ ಲೆಕ್ಕ ಇಲ್ಲಿಂದಲೇ ಬಂತು. 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನ ಇಂಥ 3 ಮಿ.ಮೀ. ತಂತಿ ಹರಿಯುವುದು ಸುಮಾರು 700 ಕೆಜಿಗೆ. ಬಿಗಿಯುವಾಗ ಅದರ ಶೇ. 15ರಿಂದ 20ರಷ್ಟು ಎಳೆತ ಕೊಡುವುದು ರೂಢಿ. ಅಂದರೆ 105ರಿಂದ 140 ಕೆಜಿ. ಗಾಳಿ ಬಡಿದಾಗ ಇದರ ಮೇಲೆ ಇನ್ನಷ್ಟು ಸೇರುತ್ತದೆ. ಹಾಗಾಗಿ ಡ್ರಮ್ ಮತ್ತು ಸ್ವಿವೆಲ್ ಎರಡಕ್ಕೂ ಕೆಲಸದ ಲೋಡ್ ಕನಿಷ್ಠ 300 ಕೆಜಿ ಇರಲಿ ಎಂದು ಬರೆದುಕೊಂಡೆವು. ಗಮನಿಸಿ, ಕೆಲಸದ ಲೋಡ್, ಮುರಿಯುವ ಲೋಡ್ ಅಲ್ಲ. ಕೆಲವು ಮಾರಾಟಗಾರರು ಎರಡನೆಯದನ್ನು ದಪ್ಪ ಅಕ್ಷರದಲ್ಲಿ ಹಾಕಿ ಮೊದಲನೆಯದರ ಬಗ್ಗೆ ಸುಮ್ಮನಿರುತ್ತಾರೆ.

ಆಮೇಲೆ ಉದ್ದ. ಕಂಬ ಮಲಗಿದ್ದಾಗ ಅಳೆದರೆ ಪ್ರಯೋಜನ ಇಲ್ಲ. ಕಂಬ ಎತ್ತಿ, ಎಂದಿನಷ್ಟೇ ಹಿಂದಕ್ಕೆ ವಾಲಿಸಿ, ಪಕ್ಕದ ತಂತಿಗಳನ್ನು ಬಿಗಿದು, ಆಮೇಲೆ ಅಳೆಯಬೇಕು. ಉಕ್ಕಿನ ಟೇಪಿನ ಕೊಕ್ಕೆಯನ್ನು ಹ್ಯಾಲ್ಯಾರ್ಡ್‌ಗೆ ಕಟ್ಟಿ ಮೇಲಕ್ಕೆ ಎಳೆದೆವು, ಹ್ಯಾಲ್ಯಾರ್ಡ್ ತುದಿಯ ಕೊಂಡಿ, ಅಂದರೆ ಶ್ಯಾಕಲ್, ಗಾಲಿಗೆ ತಾಗುವವರೆಗೆ. ಬೆಳಗ್ಗೆ ಏಳರ ಒಳಗೇ ಮಾಡಿದ್ದು ಈ ಕೆಲಸ, ಏಕೆಂದರೆ ಗಾಳಿ ಎದ್ದರೆ ಟೇಪ್ ಬಿಲ್ಲಿನಂತೆ ಬಾಗಿ ಉದ್ದ ಜಾಸ್ತಿ ತೋರಿಸುತ್ತದೆ. ಮೂತಿಯ ಪಟ್ಟಿಯ ತೂತಿನಿಂದ ಗಾಲಿಯವರೆಗೆ ಸಿಕ್ಕಿದ್ದು 4.75 ಮೀಟರ್.

ಇದು ಹಾಯಿಗೆ ಸಿಗುವ ಉದ್ದ ಅಲ್ಲ. ಡ್ರಮ್ 9 ಸೆಂಟಿಮೀಟರ್ ತಿನ್ನುತ್ತದೆ, ಸ್ವಿವೆಲ್ ಇನ್ನೊಂದು 9. ಎರಡು ಶ್ಯಾಕಲ್‌ಗೆ ಸೇರಿ 6. ಮೇಲೆ ಸ್ವಿವೆಲ್ ಗಾಲಿಗೆ ಹೋಗಿ ಗುದ್ದಬಾರದು, ಬಿಗಿಯಲು ಜಾಗ ಉಳಿಯಬೇಕು, ಅದಕ್ಕೆ 15. ಒಟ್ಟು 39 ಸೆಂಟಿಮೀಟರ್ ಕಳೆದರೆ ಉಳಿಯುವುದು 4.36 ಮೀಟರ್. ಇದ್ದ ಜಿಬ್‌ನ ಮುಂದಿನ ಅಂಚು 4.40. ನಾಲ್ಕೇ ಸೆಂಟಿಮೀಟರ್ ತಾನೆ ಅಂತ ಅನ್ನಿಸುತ್ತದೆ. ಆದರೆ ಆ ನಾಲ್ಕು ಸೆಂಟಿಮೀಟರ್ ಬರುವುದು ಬಿಗಿಯಲು ಉಳಿಸಿದ ಜಾಗದಿಂದ. ಬಟ್ಟೆ ಹಿಗ್ಗುತ್ತದೆ, ಹ್ಯಾಲ್ಯಾರ್ಡ್ ಹಿಗ್ಗುತ್ತದೆ. 4.30ಕ್ಕೆ ಕತ್ತರಿಸುವುದು ಎಂದು ತೀರ್ಮಾನ ಆಯಿತು.

ಪಿನ್ನಿನ ಕಥೆ ಬೇಗ ಮುಗಿಯುತ್ತದೆ. ಈ ಗಾತ್ರದ ಡ್ರಮ್‌ಗಳ ಕೆಳಗಿನ ಪಿನ್ ನಮಗೆ ಸಿಕ್ಕ ಮಾಡೆಲ್‌ಗಳಲ್ಲಿ 5 ಮಿ.ಮೀ. ಮೂತಿಯ ಪಟ್ಟಿಯ ತೂತು 8. ದಪ್ಪ ತೂತಿಗೆ ಸಣ್ಣ ಪಿನ್ ಹಾಕಿದರೆ ಒಂದೇ ಗೆರೆಯ ಮೇಲೆ ಎಲ್ಲ ಭಾರ ಬಿದ್ದು ಎರಡೂ ಸವೆಯುತ್ತವೆ. ನೌಬಾದಿನ ಒಂದು ಲೇತ್ ಅಂಗಡಿಯಲ್ಲಿ ಹೊರಗೆ 8, ಒಳಗೆ 5 ಇರುವ ಸ್ಟೇನ್‌ಲೆಸ್ ಬುಷ್ ಮಾಡಿಸಿದೆವು. "ಏನ್ ಸಾಹೇಬ್ರ, ಇಷ್ಟು ಸಣ್ಣದು ಯಾವ ಗಾಡಿದು?" ಎಂದು ಲೇತಿನವರು ಕೇಳಿದರು. ದೋಣಿ ಎಂದಾಗ ಮಜೂರಿ ತಗೊಳ್ಳಲಿಲ್ಲ, ಒಂದು ಸಲ ಕೂರಿಸಿ ಅಂದರು.

ಡ್ರಮ್ಮಿನೊಳಗೆ ಎಷ್ಟು ಹಗ್ಗ ಹಿಡಿಯುತ್ತದೆ?

ಹೆಚ್ಚು ಜನ ಎಡವುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಕ್ಯಾಟಲಾಗ್ ಇಷ್ಟು ಚದರ ಮೀಟರ್ ಹಾಯಿಗೆ ಸಾಕು ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಆದರೆ ಹಾಯಿ ಸುತ್ತಲು ಡ್ರಮ್ ಎಷ್ಟು ಸುತ್ತು ತಿರುಗಬೇಕೋ ಅಷ್ಟು ಸುತ್ತು ಹಗ್ಗ ಅದರಲ್ಲಿ ಮೊದಲೇ ಇರಬೇಕು. ಇಲ್ಲದಿದ್ದರೆ ಹಗ್ಗ ಮುಗಿದಾಗ ಹಾಯಿಯ ಹಿಂದಿನ ಮೂಲೆ ಇನ್ನೂ ಹೊರಗೇ ಪಟಪಟ ಬಡಿಯುತ್ತಿರುತ್ತದೆ.

ಸುತ್ತಿನ ಸಂಖ್ಯೆ ನಿರ್ಧಾರ ಆಗುವುದು ಹಾಯಿಯ ಅಗಲದಿಂದ. ಹಿಂದಿನ ಮೂಲೆಯಿಂದ ಮುಂದಿನ ಅಂಚಿಗೆ ನೇರ ಲಂಬವಾಗಿ ಅಳೆದರೆ ನಮ್ಮದು 1.65 ಮೀಟರ್. ಕಾಗದದ ಮೇಲೆ ಲೆಕ್ಕ ಹಾಕಬಹುದು. ತಂತಿ ಮತ್ತು ಅದರ ಬಟ್ಟೆಯ ತೋಳು ಸೇರಿ 12 ಮಿ.ಮೀ. ದಪ್ಪದಿಂದ ಶುರು, ಪೂರ್ತಿ ಸುತ್ತಿದಾಗ ಇನ್ನೂ ದಪ್ಪ. ಆದರೆ ಎಷ್ಟು ದಪ್ಪ ಎಂಬುದು ಎಷ್ಟು ಬಿಗಿಯಾಗಿ ಸುತ್ತಿದ್ದೇವೆ ಅನ್ನುವುದರ ಮೇಲೆ ನಿಂತಿದೆ. ಬಿಗಿಯಾಗಿ ಸುತ್ತಿದರೆ ಸುತ್ತು ಜಾಸ್ತಿ, ಸಡಿಲ ಸುತ್ತಿದರೆ ಕಡಿಮೆ. ಕಾಗದ ಬಿಟ್ಟು ಹಾಲ್‌ನ ನೆಲದ ಮೇಲೆ ಹಾಯಿ ಹಾಸಿ, ಎರಡೂ ತುದಿ ಹಿಡಿದು ಕೈಯಿಂದಲೇ ಸುತ್ತಿ ಎಣಿಸಿದೆವು. ಸಾಧಾರಣ ಬಿಗಿಯಲ್ಲಿ 18 ಸುತ್ತು. ಅದರ ಮೇಲೆ ಹಾಯಿಯ ಹಿಂದಿನ ಮೂಲೆಯನ್ನು ಎಳೆದು ಹಿಡಿಯುವ ಎರಡು ಶೀಟ್ ಹಗ್ಗಗಳು ಸುರುಳಿಯ ಮೇಲೆ ಮೂರು ನಾಲ್ಕು ಸುತ್ತು ಬಂದರೆ ಹಾಯಿ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಒಟ್ಟು 22.

ಈಗ ಡ್ರಮ್. ನಮ್ಮ ಕಣ್ಣಿಗೆ ಬಿದ್ದ ಡ್ರಮ್ಮಿನ ಒಳಗಿನ ದಿಂಡು 30 ಮಿ.ಮೀ., ಹೊರಗಿನ ತಟ್ಟೆ 75, ತಟ್ಟೆಗಳ ನಡುವೆ 25. 4 ಮಿ.ಮೀ. ಹಗ್ಗ ಹಾಕಿದರೆ ಒಂದು ಪದರಕ್ಕೆ ಆರು ಸುತ್ತು, ಇಂಥ ಐದು ಪದರ, ಅಂದರೆ 30. ಇದು ಹಗ್ಗ ಮಿಲಿಟರಿ ಶಿಸ್ತಿನಲ್ಲಿ ಸಾಲಾಗಿ ಕೂತರೆ. ನಿಜದಲ್ಲಿ ಅದು ಗಜಿಬಿಜಿಯಾಗಿ ಕೂರುತ್ತದೆ, ಮುಕ್ಕಾಲು ಪಾಲು ಹಿಡಿಯುತ್ತದೆ ಎಂದುಕೊಳ್ಳಬೇಕು. 30ರ ಮುಕ್ಕಾಲು ಅಂದರೆ 22. ಸರಿಯಾಗಿ ನಮಗೆ ಬೇಕಾದಷ್ಟೇ, ಒಂದು ಸುತ್ತೂ ಮೇಲಿಲ್ಲ. ಕೈಗೆ ಹಿತ ಅಂತ 5 ಮಿ.ಮೀ. ಹಗ್ಗ ಹಾಕಿದ್ದರೆ? ಪದರಕ್ಕೆ ಐದು, ನಾಲ್ಕು ಪದರ, ಇಪ್ಪತ್ತು. ಅದರ ಮುಕ್ಕಾಲು 15. ಸಾಲುವುದೇ ಇಲ್ಲ. 3 ಮಿ.ಮೀ. ಹಾಕಿದರೆ ಜಾಗ ಬೇಕಾದಷ್ಟು, ಆದರೆ ಗಾಳಿಯಲ್ಲಿ ಎಳೆದರೆ ಬೆರಳು ಕೊಯ್ಯುತ್ತದೆ. 4 ಎಂದೇ ಆಯಿತು. ಕಾಕಾ ಮಗಳು ಒಂದು ಉಪಾಯ ಹೇಳಿದಳು: ದೋಣಿಯೊಳಗೆ ಕೈ ಹಿಡಿಯುವ ಭಾಗಕ್ಕೆ ಮಾತ್ರ ಮೇಲೊಂದು ಹೆಣೆದ ಕವಚ ತೊಡಿಸಿ ದಪ್ಪ ಮಾಡಿದರಾಯಿತು, ಆ ಭಾಗ ಡ್ರಮ್ಮಿಗೆ ಹೋಗುವುದೇ ಇಲ್ಲವಲ್ಲ. ಹಾಗೇ ಮಾಡಿದೆವು.

ಹಗ್ಗದ ಉದ್ದವೂ ಇದರಿಂದಲೇ ಸಿಗುತ್ತದೆ. ನಾಲ್ಕು ಪದರಗಳ ಸರಾಸರಿ ವ್ಯಾಸ 46 ಮಿ.ಮೀ. ಹಿಡಿದರೆ ಒಂದು ಸುತ್ತಿಗೆ 14.5 ಸೆಂ.ಮೀ. ಇಪ್ಪತ್ತೆರಡು ಸುತ್ತಿಗೆ ಸುಮಾರು 3.2 ಮೀಟರ್. ಡ್ರಮ್ಮಿನಿಂದ ಕೂರುವ ಜಾಗದವರೆಗೆ 2.6. ಹಿಡಿಯಲು ಅರ್ಧ ಮೀಟರ್. ಒಟ್ಟು 6.3, ಕೊಂಡಿದ್ದು 7.

ಇನ್ನೊಂದು ಸೂಕ್ಷ್ಮ. ಸುತ್ತಲು ಶುರು ಮಾಡಿದಾಗ ಡ್ರಮ್ ತುಂಬಾ ಹಗ್ಗ ಇರುತ್ತದೆ, ಅಂದರೆ ಹಗ್ಗ ದಿಂಡಿನಿಂದ ದೂರ ನಿಂತು ಎಳೆಯುತ್ತದೆ, ತಿರುಗಿಸುವ ಬಲ ಜಾಸ್ತಿ. ಸುತ್ತುತ್ತಾ ಹೋದಂತೆ ಹಗ್ಗ ಖಾಲಿಯಾಗಿ ದಿಂಡಿನ ಹತ್ತಿರ ಬರುತ್ತದೆ, ಬಲ ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಹಾಯಿಯ ಸುರುಳಿ ದಪ್ಪ ಆಗಿರುತ್ತದೆ. ಕೊನೆಯ ಸುತ್ತುಗಳೇ ಭಾರ ಏಕೆ ಎಂಬುದಕ್ಕೆ ಉತ್ತರ ಇದು, ಬೇರಿಂಗ್ ಕೆಟ್ಟಿದೆ ಅಂತ ಡ್ರಮ್ ಬಿಚ್ಚಲು ಹೋಗಬೇಡಿ. ಆ ಹೊತ್ತಿಗೆ ಶೀಟ್ ಸಡಿಲ ಬಿಟ್ಟು, ದೋಣಿಯನ್ನು ಸ್ವಲ್ಪ ಗಾಳಿ ಹೋಗುವ ದಿಕ್ಕಿಗೆ ತಿರುಗಿಸಿದರೆ ಜಿಬ್ ದೊಡ್ಡ ಹಾಯಿಯ ಮರೆಗೆ ಬರುತ್ತದೆ, ಕೆಲಸ ಹಗುರ.

ಹುಡುಕಿದ್ದು, ಕೊಂಡಿದ್ದು

ಬೀದರ್‌ನಲ್ಲಿ ದೋಣಿ ಸಾಮಾನಿನ ಅಂಗಡಿ ಇಲ್ಲ, ಕಲಬುರಗಿಯಲ್ಲೂ ನಾನು ಕಂಡಿಲ್ಲ. ಹತ್ತಿರದ ದಾರಿ ಹೈದರಾಬಾದ್. ಅಲ್ಲಿ ಹುಸೇನ್ ಸಾಗರದಲ್ಲಿ ಹಾಯಿದೋಣಿ ರೇಸ್‌ಗಳು ನಡೆಯುತ್ತವೆ, ಸಣ್ಣ ದೋಣಿಗಳಿಗೆ ಕಂಬ, ಹಾಯಿ, ಹಗ್ಗ ಜೋಡಿಸಿ ಗೊತ್ತಿರುವ ಕೈಗಳಿವೆ. ನಾವು ಅಲ್ಲಿಗೆ ಹೋಗಿದ್ದು ಕೊಳ್ಳಲು ಅಲ್ಲ, ಮುಟ್ಟಿ ನೋಡಲು. ಕ್ಯಾಟಲಾಗ್‌ನಲ್ಲಿ ಇಲ್ಲದ ಎರಡು ಅಳತೆ ಅಲ್ಲಿ ನಿಂತೇ ವರ್ನಿಯರ್‌ನಿಂದ ತೆಗೆದುಕೊಂಡೆವು: ಡ್ರಮ್ಮಿನ ದಿಂಡು ಮತ್ತು ತಟ್ಟೆಗಳ ನಡುವಿನ ಜಾಗ.

ಆನ್‌ಲೈನ್‌ನಲ್ಲಿ ಅಗ್ಗದ ಒಂದು ಸೆಟ್ ಕೂಡ ತರಿಸಿದ್ದೆವು. ನೋಡಲು ಅದೇ ರೂಪ. ಲೋಡ್ ಎಲ್ಲೂ ಬರೆದಿರಲಿಲ್ಲ. ಕಾಕಾ ಸ್ವಿವೆಲ್ ತಗೊಂಡು ಶೆಡ್‌ನ ತೊಲೆಗೆ ನೇತುಹಾಕಿ, ಕೆಳಗೆ ಎರಡು ಮೂಟೆ ಸಿಮೆಂಟ್ ಕಟ್ಟಿ, ಬೆರಳಿನಿಂದ ತಿರುಗಿಸಿದರು. ಖಾಲಿ ಇದ್ದಾಗ ಬುಗುರಿಯಂತೆ ತಿರುಗುತ್ತಿದ್ದ ಸ್ವಿವೆಲ್ 100 ಕೆಜಿಯಲ್ಲಿ ಕಚ್ಚಿಕೊಂಡು ನಿಂತಿತು. ವಾಪಸ್ ಹೋಯಿತು. ಈ ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಸ್ವಿವೆಲ್ ಭಾರ ಹೊತ್ತಾಗ ತಿರುಗಬೇಕು, ಕೈಯಲ್ಲಿ ಹಿಡಿದಾಗ ತಿರುಗಿದರೆ ಏನು ಬಂತು?

ಕೊನೆಗೆ ಮುಂಬೈನಿಂದ ತರಿಸಿದ್ದು ಸಣ್ಣ ದೋಣಿಗೆಂದೇ ಮಾಡಿದ ಡ್ರಮ್ ಮತ್ತು ಬಾಲ್ ಬೇರಿಂಗ್ ಸ್ವಿವೆಲ್. ಅದೇ ತೊಲೆ, ಅದೇ ಮೂಟೆ, ಸಲೀಸಾಗಿ ತಿರುಗಿತು. ಬೆಲೆ ಫಾಯಿಲ್ ಸೆಟ್‌ನ ಹತ್ತಿರಕ್ಕೂ ಬರಲಿಲ್ಲ.

ಹಾಯಿಗೆ ಹೊಲಿಗೆ

ಹಾಯಿ ಹೊಲಿಯುವವರು ನಮ್ಮಲ್ಲಿ ಎಲ್ಲಿ ಸಿಗಬೇಕು? ತಾಡಪತ್ರಿ ಹೊಲಿಯುವವರ ಮೆಷಿನ್ ನೇರ ಹೊಲಿಗೆಯದು. ಎಳೆತ ಬಿದ್ದರೆ ನೇರ ಹೊಲಿಗೆಯ ದಾರ ತುಂಡಾಗುತ್ತದೆ, ಜಿಗ್‌ಜಾಗ್ ಬೇಕು. ಜಿಗ್‌ಜಾಗ್ ಮೆಷಿನ್ ಇದ್ದ ಒಬ್ಬ ಟೈಲರ್ ಅಕ್ಕ ಒಪ್ಪಿಕೊಂಡರು. ದಾರ ಮಾತ್ರ ಟ್ರ್ಯಾಕ್ಟರ್ ಸೀಟಿಗೆ ರೆಕ್ಸಿನ್ ಹೊಲಿಯುವ ಅಂಗಡಿಯಿಂದ, ದಪ್ಪ ಪಾಲಿಯೆಸ್ಟರ್.

ಅಂಚಿನೊಳಗೆ ಹೋಗುವ ತಂತಿ ಯಾವುದಿರಬೇಕು ಎಂಬುದೂ ಚರ್ಚೆಯೇ. ಏಳೇಳು ಎಳೆಯ ಮೆತ್ತನೆಯ ತಂತಿಗೆ ತುದಿಯಲ್ಲಿ ಕಣ್ಣು ಮಾಡುವುದು ಸುಲಭ. ಆದರೆ ಡ್ರಮ್ಮಿನ ತಿರುವು ಮೇಲಿನ ಸ್ವಿವೆಲ್‌ಗೆ ತಲುಪಬೇಕಿರುವುದು ಈ ತಂತಿಯ ಮೂಲಕವೇ. ಹತ್ತೊಂಬತ್ತು ಎಳೆಯ ಗಟ್ಟಿ ತಂತಿ ತಿರುಚಿಕೊಳ್ಳುವುದು ಕಡಿಮೆ. ಅದನ್ನೇ 3 ಮಿ.ಮೀ. ತೆಗೆದುಕೊಂಡು ಎರಡೂ ತುದಿಗೆ ಟರ್ಮಿನಲ್ ಒತ್ತಿಸಿ ತಂದೆವು. ಜೊತೆಗೆ ಒಂದು ನಿಯಮ: ತಂತಿಯ ಹೊರಗಿನ ಎಳೆಗಳ ಹುರಿ ಬಿಗಿಯಾಗುವ ಕಡೆಗೆ ಹಾಯಿ ಸುತ್ತಬೇಕು, ಬಿಚ್ಚಿಕೊಳ್ಳುವ ಕಡೆಗಲ್ಲ. ಡ್ರಮ್ಮಿಗೆ ಹಗ್ಗವನ್ನು ಎಡಕ್ಕೆ ಸುತ್ತಬೇಕೋ ಬಲಕ್ಕೆ ಸುತ್ತಬೇಕೋ ಎಂಬುದು ಇದರಿಂದಲೇ ತೀರ್ಮಾನ ಆಗುತ್ತದೆ.

ಬಿಸಿಲು ತಡೆಯುವ ಪಟ್ಟಿ ಹೊಲಿಸಲಿಲ್ಲ. ಹಾಯಿ ಸುತ್ತಿದ ಸ್ಥಿತಿಯಲ್ಲೇ ವರ್ಷವಿಡೀ ದೋಣಿಯ ಮೇಲೆ ನಿಂತಿರುವವರಿಗೆ ಅದು ಬೇಕೇ ಬೇಕು. ನಮ್ಮದು ಸುರುಳಿ ಸಮೇತ ಕೆಳಗೆ ಇಳಿದು ಚೀಲ ಸೇರುತ್ತದೆ. ಚೀಲಕ್ಕೆ ಹಾಕುವಾಗ ದೊಡ್ಡ ಬಳೆಯಾಗಿ ಬಾಗಿಸಬೇಕು, ಮಡಚಿದರೆ ತಂತಿ ಮುರಿದುಕೊಳ್ಳುತ್ತದೆ.

ಜೋಡಣೆ

ಡ್ರಮ್ಮಿಗೆ ಹಗ್ಗ ಲಂಬಕೋನದಲ್ಲಿ, ತಟ್ಟೆಗಳ ಸರಿ ನಡುವೆ ಬಂದು ಸೇರಬೇಕು. ಓರೆಯಾಗಿ ಬಂದರೆ ಒಂದೇ ಕಡೆ ಗುಡ್ಡೆಯಾಗಿ ತಟ್ಟೆಯ ಮೇಲೆ ಹತ್ತಿ ಹೊರಗೆ ಬೀಳುತ್ತದೆ. ತಂತಿ ಹಿಂದಕ್ಕೆ ವಾಲಿರುವುದರಿಂದ ಅದಕ್ಕೆ ಲಂಬವಾದ ಗೆರೆ ಹಿಂದೆ ಹೋದಂತೆ ಕೆಳಗೆ ಇಳಿಯುತ್ತದೆ. ನಮ್ಮ ಡ್ರಮ್ಮಿನ ನಡು ಡೆಕ್‌ನಿಂದ 8 ಸೆಂ.ಮೀ. ಮೇಲೆ. ಆ ಗೆರೆ ಡೆಕ್ ಮುಟ್ಟಿದ್ದು ಸುಮಾರು 25 ಸೆಂ.ಮೀ. ಹಿಂದೆ. ಹಗ್ಗ ಹಾದುಹೋಗುವ ಮೊದಲ ಗಾಲಿ ಅಲ್ಲೇ ಕೂತಿತು.

ಸಡಿಲಾದ ಫೋರ್‌ಸ್ಟೇ ಹಾಯಿಯ ಸುರುಳಿಯೊಳಗೆ ಸಿಕ್ಕಿಕೊಳ್ಳುವ ಅಪಾಯ ಇನ್ನೊಂದು. ಡ್ರಮ್ಮನ್ನು ಫೋರ್‌ಸ್ಟೇಯ ಬುಡದಿಂದ 8 ಸೆಂ.ಮೀ. ಹಿಂದೆ ಇಟ್ಟು, ಫೋರ್‌ಸ್ಟೇಯ ಸಡಿಲವನ್ನು ಎಲಾಸ್ಟಿಕ್ ಹಗ್ಗದಿಂದ ಮುಂದಕ್ಕೆ ಎಳೆದು ಕಟ್ಟಿದೆವು. ಟರ್ನ್‌ಬಕಲ್‌ಗಳಿಗೆಲ್ಲ (ತಂತಿ ಬಿಗಿಯುವ ತಿರುಪುಗಳು) ಕಾಕಾ ವಿಮಾನದ ಪದ್ಧತಿಯಂತೆ ಸಡಿಲಾಗದಂತೆ ಲಾಕ್‌ವೈರ್ ಹೆಣೆದರು. ಯಾರೂ ಕೇಳಿರಲಿಲ್ಲ, ಆದರೆ ನೋಡಲು ಚಂದ.

ನೀರಿನಲ್ಲಿ

ಜುಲೈನ ಒಂದು ಬೆಳಗ್ಗೆ ಸಾಧಾರಣ ಗಾಳಿಯಲ್ಲಿ ಹಗ್ಗ ಎಳೆದಾಗ ಕೆಳಭಾಗ ನೀಟಾಗಿ ಸುತ್ತಿತು. ಮೇಲ್ಭಾಗ ಮೂರು ಸುತ್ತು ಹಿಂದೆ ಬಿತ್ತು, ಅಲ್ಲಿ ಬಟ್ಟೆ ಜೋಳಿಗೆಯಂತೆ ಗಾಳಿ ಹಿಡಿಯಿತು. ನನಗೆ ಮೊದಲು ಸ್ವಿವೆಲ್ ಮೇಲೆ ಅನುಮಾನ. ಕಾಕಾ ಜಿಬ್‌ನ ಮುಂದಿನ ಅಂಚನ್ನು ಎರಡು ಬೆರಳಿನಿಂದ ಒತ್ತಿ ನೋಡಿದರು, ಅದು ಪಕ್ಕಕ್ಕೆ ಸರಿಯಿತು. "ಸ್ವಿವೆಲ್ ಬರಾಬರ್ ಅದ. ತಂತಿ ಢೀಲಾ ಅದ" ಎಂದರು.

ತಂತಿ ಬಿಗಿ ಇಲ್ಲದಿದ್ದರೆ ಡ್ರಮ್ಮಿನ ತಿರುವು ಮೇಲೆ ಹೋಗುವ ಬದಲು ತಂತಿಯ ಜೋಲಿನಲ್ಲೇ ಕಳೆದುಹೋಗುತ್ತದೆ. ಬರಿಗೈಯಲ್ಲಿ ಹ್ಯಾಲ್ಯಾರ್ಡ್ ಎಳೆದು ಕಟ್ಟಿದರೆ 30 ಕೆಜಿ ಸಿಕ್ಕರೆ ಹೆಚ್ಚು, ನಮಗೆ ಬೇಕಿದ್ದದ್ದು ಕನಿಷ್ಠ 105. ಕಂಬದ ಬುಡದಲ್ಲಿ ನಾಲ್ಕು ಪಟ್ಟಿನ ಗಾಲಿ ಜೋಡಿ ಹಾಕಿದೆವು. ಘರ್ಷಣೆ ಕಳೆದು 100ರ ಆಚೀಚೆ ಬರುತ್ತದೆ, ಇಬ್ಬರು ಕೈ ಹಾಕಿದರೆ ಇನ್ನೂ ಮೇಲೆ. ಹ್ಯಾಲ್ಯಾರ್ಡ್ ಕೂಡ ಹಿಗ್ಗದ ಡೈನೀಮಾ ನೂಲಿನ ಹಗ್ಗಕ್ಕೆ ಬದಲಾಯಿತು. ಅದಾದಮೇಲೆ ಮೇಲ್ಭಾಗ ಕೆಳಭಾಗದ ಜೊತೆಗೇ ಸುತ್ತುತ್ತಿದೆ. ಈಗ ಕಾಕಾ ಮಗಳು ಕೂತಲ್ಲಿಂದಲೇ ಒಂದು ಕೈಯಲ್ಲಿ ಜಿಬ್ ಒಳಗೆ ಹಾಕುತ್ತಾಳೆ.

ಡ್ರಮ್ ಬಂದಮೇಲೆ ಹಾಯಿಯ ಹಿಂದಿನ ಮೂಲೆ ಕೂಡ ಮೇಲೆ ಸರಿದಿತ್ತು. ಮೂಲೆ ಮೇಲೆ ಹೋದರೆ ಶೀಟ್‌ನ ಗಾಲಿ ಹಿಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಹಾಯಿಯ ಮೇಲ್ಭಾಗ ಬಿಗಿದುಕೊಂಡು ಕೆಳಭಾಗ ಉಬ್ಬುತ್ತದೆ. ಹಳಿಯ ಮೇಲೆ ಎರಡು ತೂತು ಹಿಂದಕ್ಕೆ ಸರಿಸಿದ್ದು ಸಾಕಾಯಿತು.

ನಿರ್ವಹಣೆ ಅಂದರೆ ನೀರು, ಅಷ್ಟೇ. ಕಾರಂಜಾದ ನೀರು ಸಿಹಿ, ಉಪ್ಪಿನ ಕಾಟ ಇಲ್ಲ. ಆದರೆ ಮಳೆಗಾಲದಲ್ಲಿ ಕಪ್ಪುಮಣ್ಣಿನ ಹೂಳು ಬಾಲ್‌ಗಳ ನಡುವೆ ಹೊಕ್ಕುತ್ತದೆ. ಮನೆಗೆ ಬಂದಮೇಲೆ ನಲ್ಲಿ ಕೆಳಗೆ ಹಿಡಿದು ತಿರುಗಿಸುತ್ತಾ ತೊಳೆಯುವುದು. ಗ್ರೀಸ್ ಹಚ್ಚುವುದಿಲ್ಲ, ಗ್ರೀಸ್ ಹೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಅರ್ಧ ಸುತ್ತುವ ಆಸೆ ಕಾಕಾ ಅವರಿಗೆ ಇನ್ನೂ ಹೋಗಿಲ್ಲ. ಅದಕ್ಕೆ ಈಗ ಎರಡನೇ ಜಿಬ್ ಒಂದರ ತಯಾರಿ ನಡೆದಿದೆ, ಇದೇ ಡ್ರಮ್, ಇದೇ ಸ್ವಿವೆಲ್. ಬಟ್ಟೆಯ ಅಂಚು 3.20 ಮೀಟರ್ ಮಾತ್ರ, ಮೇಲಿನ 1.10 ಮೀಟರ್ ಬರೀ ತಂತಿ. ಒಟ್ಟು 4.30 ಇದ್ದರೆ ಸ್ವಿವೆಲ್ ಅದೇ ಎತ್ತರಕ್ಕೆ ನಿಲ್ಲುತ್ತದೆ, ಹ್ಯಾಲ್ಯಾರ್ಡ್‌ನ ಗುರುತು ಬದಲಿಸಬೇಕಾಗಿಲ್ಲ. ಗಾಳಿ ಜೋರಿದ್ದ ದಿನ ದಡದಲ್ಲೇ ಯಾವ ಜಿಬ್ ಎಂದು ನಿರ್ಧಾರ ಮಾಡಿ ಹೊರಡುವುದು. ತಂತಿ ಬಂದಿದೆ, ಟೈಲರ್ ಅಕ್ಕನ ಬಳಿ ಮದುವೆ ಸೀಸನ್ ಬ್ಲೌಸ್‌ಗಳ ಸಾಲು ಮುಗಿಯಬೇಕು.